ನಮ್ಮ ಮನೆಯ ಕೆಂಚಿ

ಕೆಲವು ವರ್ಷಗಳ ಹಿಂದೆ ಮೊಮ್ಮಗನಿಗೆ ಜ್ವರ ಬಿಡಲಿಲ್ಲವೆಂದು ಮೈಸೂರಿನ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದರು. ನಾನು ಅವನ ಮಂಚದ ಪಕ್ಕ ಕುಳಿತಿದ್ದೆ. ಮಧ್ಯಾಹ್ನ ಎದುರಿನ ಮಂಚಕ್ಕೆ ಒಂದು ಮಗುವನ್ನು ಕರೆತಂದರು. ಅದರ ತಾಯಿ ಗಂಟು ಬಿಚ್ಚಿ ಬಟ್ಟೆ ಹರವಿದಳೋ ಇಲ್ಲವೋ, ಒಂದು ವಾಸನೆ ನನ್ನ ಮೂಗಿಗೆ ಬಡಿಯಿತು. ಎಷ್ಟೋ ದಿನದಿಂದ ತೆರೆಯದ ಪೆಟ್ಟಿಗೆಯಲ್ಲಿ ಇಲಿ ಮರಿ ಹಾಕಿದ್ದರೆ ಬರುತ್ತದಲ್ಲ, ಅಂಥದ್ದು. ತಿರುಗಿ ನೋಡಿದೆ. ತಂದೆ ತಾಯಿ ಇಬ್ಬರೂ ನಮ್ಮ ಹಾಗೆ ಕಪ್ಪಗಿದ್ದರು. ಮಗುವಿನ ಮೈ ಮಾತ್ರ ಹಾಲಿನ ಬಣ್ಣ, ತಲೆಗೂದಲು ಮುಸುಕಿನ ಜೋಳದ ತೆನೆಯ ರೇಷ್ಮೆಯ ಹಾಗೆ ಕೆಂಚಗೆ.

ಸಂಜೆ ಬಂದ ಡಾಕ್ಟರು ಚಿಕ್ಕ ಹುಡುಗಿ, ಮಾತುಗಾತಿ. ಅವಳನ್ನು ಕೇಳಿದೆ.

"ಅದು ಆ ಕಾಯಿಲೆಯದೇ ವಾಸನೆ ಅಜ್ಜಿ" ಎಂದಳು. "ನಾವು ತಿನ್ನೋ ಬೇಳೆ, ಹಾಲು, ರಾಗಿ ಎಲ್ಲದರಲ್ಲೂ ಫೀನೈಲಲನೀನ್ ಅಂತ ಒಂದು ಅಮೈನೋ ಆಮ್ಲ ಇರುತ್ತೆ. ನಮ್ಮ ಲಿವರಿನಲ್ಲಿರೋ ಒಂದು ಕಿಣ್ವ ಅದನ್ನ ಟೈರೋಸಿನ್ ಅನ್ನೋ ಇನ್ನೊಂದು ಅಮೈನೋ ಆಮ್ಲ ಮಾಡುತ್ತೆ. ಕಿಣ್ವ ಅಂದ್ರೆ ಹಾಲಿಗೆ ಹೆಪ್ಪು ಇದ್ದ ಹಾಗೆ ಅಂದ್ಕೊಳ್ಳಿ. ಹೆಪ್ಪು ಬೀಳದೆ ಹಾಲು ಮೊಸರಾಗಲ್ಲ. ಈ ಮಗೂಗೆ ಹುಟ್ಟಿದಾಗಿಂದ ಆ ಕಿಣ್ವ ಕೆಲಸ ಮಾಡ್ತಿಲ್ಲ. ಮೊದಲನೇದು ರಕ್ತದಲ್ಲೇ ತುಂಬ್ಕೊಂಡು ಮಿದುಳು ಬೆಳೆಯೋಕೆ ಬಿಡಲ್ಲ, ಉಚ್ಚೆ ಬೆವರಲ್ಲಿ ಈ ವಾಸನೆ. ಎರಡನೇದು ಸಾಲದೆ ಕೂದಲಿಗೆ ಕಪ್ಪು ಹತ್ತಲ್ಲ."

"ಯಾಕವ್ವಾ ಹಿಂಗಾಗುತ್ತೆ?"

"ಅಪ್ಪನ ಕಡೆಯಿಂದಲೂ ಬರಬೇಕು, ಅಮ್ಮನ ಕಡೆಯಿಂದಲೂ ಬರಬೇಕು. ಇಬ್ಬರಲ್ಲೂ ಮರೆಯಾಗಿರುತ್ತೆ, ಅವರಿಗೆ ಏನೂ ಗೊತ್ತಾಗಲ್ಲ. ಸೋದರಮಾವ, ಅತ್ತೆ ಮಗ ಅಂತ ಒಳಗೊಳಗೇ ಮದುವೆ ಆಗ್ತಾರಲ್ಲ, ಅಂಥ ಕಡೆ ಜಾಸ್ತಿ."

ಹೊಳೆನರಸೀಪುರದ ನಮ್ಮ ಮನೆಯಲ್ಲಿ ಇಂಥದೇ ಒಂದು ಮಗು ಇತ್ತು. ಅದರ ಕೂದಲನ್ನು ನೋಡಿಯೇ ಜನ ಅದು ನನ್ನ ಗಂಡನ ಅಣ್ಣ, ನಮ್ಮ ಭಾವನ ಮಗಳಲ್ಲ ಎಂದಿದ್ದರು. ಆ ಕೂದಲೇ ಅವಳು ಭಾವನ ಮಗಳೆಂದು ಹೇಳುತ್ತಿತ್ತು ಅನ್ನುವುದು ನನಗೆ ತಿಳಿಯುವ ಹೊತ್ತಿಗೆ ಭಾವನೂ ಇರಲಿಲ್ಲ, ಅವರ ಹೆಂಡತಿ ಪಾರ್ವತಕ್ಕನೂ ಇರಲಿಲ್ಲ. ಹೋಗಿ ಹೇಳೋಣವೆಂದರೆ ಆ ಮನೆಯಲ್ಲಿ ಆ ವರ್ಷವನ್ನು ಕಂಡವರು ಒಬ್ಬರೂ ಉಳಿದಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಎರಡನೆಯ ಯುದ್ಧ ನಡೆಯುತ್ತಿದ್ದ ಕಾಲ. ನನ್ನ ತವರು ಚನ್ನರಾಯಪಟ್ಟಣ, ಅಪ್ಪನದು ಕೊಬ್ಬರಿ ವ್ಯಾಪಾರ. ಯುಗಾದಿ ಕಳೆದ ಮೇಲೆ ನನ್ನನ್ನು ಹೊಳೆನರಸೀಪುರದ ಬೆಲ್ಲದ ಅಂಗಡಿಯವರ ಮನೆಯ ಎರಡನೆಯ ಮಗನಿಗೆ ಕೊಟ್ಟರು. ಮುಂದುಗಡೆ ಅಂಗಡಿ, ಹಿಂದೆ ಮನೆ, ಹಿತ್ತಲು ಬಾಗಿಲು ತೆರೆದರೆ ಹೇಮಾವತಿ ಹೊಳೆಗೆ ಇಳಿಯುವ ದಾರಿ. ಮಾವನವರು ಆಗಲೇ ಇರಲಿಲ್ಲ. ಮನೆಯಲ್ಲಿ ಅತ್ತೆ, ಹಿರಿಯರ ಬಾಯಲ್ಲಿ ಮಾದ ಆಗಿದ್ದ ಭಾವ, ಭಾವನ ಹೆಂಡತಿ ಪಾರ್ವತಕ್ಕ, ನನ್ನ ಯಜಮಾನರು. ಸೀಮೆಎಣ್ಣೆಗೆ ಪರದಾಟ, ಸಕ್ಕರೆ ಕಣ್ಣಿಗೆ ಬೀಳುತ್ತಿರಲಿಲ್ಲ. ಅದರಿಂದ ಬೆಲ್ಲಕ್ಕೆ ಬೇಡಿಕೆ ಬಂದು ಅಂಗಡಿ ಬೆಳಗಿನಿಂದ ಸಂಜೆವರೆಗೆ ಗಿಜಿಗುಡುತ್ತಿತ್ತು.

ಬಂದ ಹೊಸತರಲ್ಲಿ ಆ ವಾಸನೆ ನನ್ನನ್ನು ಕಾಡಿತು. ಬೆಲ್ಲದ ಕೋಣೆಯಲ್ಲಿ ಇಲಿ ಗೂಡು ಕಟ್ಟಿರಬೇಕೆಂದುಕೊಂಡೆ. ಹೊಸ ಸೊಸೆ, ಕೈಲಾಗುವವಳು ಅನ್ನಿಸಿಕೊಳ್ಳುವ ಆಸೆ ಬೇರೆ. ಒಂದು ದಿನ ಸೆರಗು ಸಿಕ್ಕಿಸಿಕೊಂಡು ಅಚ್ಚುಗಳನ್ನೆಲ್ಲ ಸರಿಸಿ, ಕೆಳಗಿನ ಹುಲ್ಲು ತೆಗೆದು, ಮೂಲೆ ಮೂಲೆ ಗುಡಿಸಿದೆ. ಇಲಿಯೂ ಇಲ್ಲ, ಮರಿಯೂ ಇಲ್ಲ. ವಾಸನೆಯ ಜಾಡು ಹಿಡಿದು ಹೋದರೆ ಹಿಂದಿನ ಕೋಣೆಗೆ ಬಂದು ನಿಂತೆ. ಅಲ್ಲಿ ಚಾಪೆಯ ಮೇಲೆ ಪಾರ್ವತಕ್ಕನ ಮಗಳು ಕುಳಿತಿದ್ದಳು.

ನನ್ನ ಕೈಯಲ್ಲಿದ್ದ ಪೊರಕೆ ನೋಡಿ ಅಕ್ಕನಿಗೆ ಗೊತ್ತಾಗಿಹೋಯಿತು. "ಇಲಿ ಅಲ್ಲ ಕಣೇ ಗೌರಿ" ಎಂದಳು. "ನನ್ ಮಗಳು."

ನಾನು ನೆಲ ನೋಡಿದೆ. ಅಕ್ಕ ನನ್ನ ಕೈಯಿಂದ ಪೊರಕೆ ತೆಗೆದುಕೊಂಡು, "ನಾಚ್ಕಬ್ಯಾಡ. ಬಂದೋರೆಲ್ಲ ಮೊದ್ಲು ಅಂಗೇ ಉಡುಕ್ತಾರೆ" ಅಂದು ನಕ್ಕಳು. ಅಂದಿನಿಂದ ನಮ್ಮಿಬ್ಬರಿಗೆ ಸ್ನೇಹ.

ಮಗುವಿಗೆ ಮೂರು ತುಂಬುತ್ತ ಬಂದಿತ್ತು. ಇಟ್ಟ ಹೆಸರು ನಂಜಮ್ಮ. ಬೀದಿಯವರು ಕೂದಲು ನೋಡಿ ಕೆಂಚಿ ಎಂದು ಆಡಿಕೊಂಡು, ಮನೆಯಲ್ಲೂ ಅದೇ ನಿಂತುಬಿಟ್ಟಿತ್ತು. ನಡೆಯುತ್ತಿರಲಿಲ್ಲ, ಮಾತಿಲ್ಲ. ಕಣ್ಣು ತಿಳಿಯಾದ ಬೂದಿ ಬಣ್ಣ, ನಮ್ಮ ಮುಖದ ಮೇಲೆ ನಿಲ್ಲುತ್ತಿರಲಿಲ್ಲ. ಮೊಣಕೈ ಮೊಣಕಾಲಲ್ಲಿ ಕಜ್ಜಿಯ ಹಾಗೆ ಚರ್ಮ ಒಡೆದಿರುತ್ತಿತ್ತು. ಅಕ್ಕ ಅವಳ ಬಟ್ಟೆಗಳನ್ನು ಬೂದಿನೀರಿನಲ್ಲಿ ಕುದಿಸಿ, ಸೀಗೆಪುಡಿ ಹಾಕಿ, ಹೊಳೆಯಲ್ಲಿ ಜಾಲಿಸಿ ಮತ್ತೆ ಜಾಲಿಸಿ ಒಣಗಿಸುವಳು. ಮಗುವಿನ ಮೈಗೆ ತಾಗಿದ ಸ್ವಲ್ಪ ಹೊತ್ತಿಗೆ ಮತ್ತೆ ಅದೇ ವಾಸನೆ.

ಪಾರ್ವತಕ್ಕ ಭಾವನಿಗೆ ಸ್ವಂತ ಅಕ್ಕನ ಮಗಳು. ಅರಕಲಗೂಡಿನ ಆಚೆ ಮಲ್ಲಿಪಟ್ಟಣಕ್ಕೆ ನಮ್ಮ ಅತ್ತೆ ತಮ್ಮ ಮಗಳು ಗಂಗಮ್ಮನನ್ನು ಕೊಟ್ಟಿದ್ದರು. ಆ ಗಂಗಮ್ಮನ ಮಗಳನ್ನೇ ತಮ್ಮ ಹಿರಿಯ ಮಗನಿಗೆ ತಂದುಕೊಂಡಿದ್ದರು. ಹಾಗಾಗಿ ಅಕ್ಕನಿಗೆ ಅಜ್ಜಿಯೇ ಅತ್ತೆ, ಸೋದರಮಾವನೇ ಗಂಡ. ಮದುವೆಯಾದ ಮೇಲೂ ಅವಳು ಅತ್ತೆಯನ್ನು "ಅಜ್ಜಿ" ಎಂದೇ ಕರೆಯುತ್ತಿದ್ದಳು, ಗಂಡನನ್ನು "ಮಾವ" ಎನ್ನುತ್ತಿದ್ದಳು.

ಇಷ್ಟು ಹತ್ತಿರದ ಮನೆಯೊಳಗೆ ಒಂದು ಮಾತು ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ಅದನ್ನು ನನ್ನ ಕಿವಿಗೆ ಹಾಕಿದವರು ಎದುರು ಮನೆಯ ಹೊನ್ನಮ್ಮತ್ತೆ. ಅವರು ನಮ್ಮ ಮಾವನವರ ತಂಗಿ. ಕೆಂಚಿ ಹುಟ್ಟುವ ಹಿಂದಿನ ವರ್ಷ ಅಕ್ಕ ಕೆಲವು ತಿಂಗಳು ತವರಿನಲ್ಲಿದ್ದಳಂತೆ. ಆಗ ಮಲ್ಲಿಪಟ್ಟಣದ ತೋಪಿನಲ್ಲಿ ರಸ್ತೆ ಅಳೆಯಲು ಬಂದ ಬಿಳಿ ದೊರೆಯೊಬ್ಬ ಡೇರೆ ಹಾಕಿದ್ದನಂತೆ. ಡೇರೆಗೆ ಹಾಲು ಮೊಸರು ಅಕ್ಕನ ತವರು ಮನೆಯಿಂದ ಹೋಗುತ್ತಿತ್ತಂತೆ.

"ಆಲು ಮೊಸ್ರು ಯಾರ್ ತಕಂಡೋದ್ರೋ, ಶಿವನಿಗೇ ಗೊತ್ತು" ಎಂದು ಅವರು ಅಲ್ಲಿಗೇ ನಿಲ್ಲಿಸಿದರು. "ನಮ್ ಕಡೆ ಯಾರ್ ಮನೇಲಿ ಉಟ್ಟದೆ ಯೋಳು, ಇಂಥ ಕೂದ್ಲಿನ್ ಕೂಸು?"

ಅವರಿಗೆ ಮದುವೆಗೆ ಬಂದ ಮಗಳಿದ್ದಳು. ಅವಳನ್ನು ಭಾವನಿಗೇ ಎರಡನೆಯವಳಾಗಿ ಕೊಡುವ ಆಸೆ ಇತ್ತೆಂದು ನನಗೆ ಆಮೇಲೆ ತಿಳಿಯಿತು.

ಭಾವ ಕೆಟ್ಟವರಲ್ಲ. ಹೆಂಡತಿಗೆ ಕೈ ಮಾಡಿದವರಲ್ಲ, ಒಂದು ಬಿರುಸು ಮಾತು ಆಡಿದವರಲ್ಲ. ಆದರೆ ಮಗುವನ್ನು ಎತ್ತಿದ್ದನ್ನು ನಾನು ನೋಡಿರಲಿಲ್ಲ. ಹಿಂದಿನ ಕೋಣೆಯ ಬಾಗಿಲು ತೆರೆದಿದ್ದರೆ ಕಣ್ಣು ಬೇರೆ ಕಡೆ ಹೊರಳಿಸಿ ಹಾದುಹೋಗುವರು. ಅತ್ತೆಯದು ಇನ್ನೊಂದು ಬಗೆ. ಅಕ್ಕನನ್ನು ಅವರು ಎಂದೂ ಅನ್ನಲಿಲ್ಲ, ಅನ್ನುವವರನ್ನು ತಡೆಯಲೂ ಇಲ್ಲ. ಒಂದು ಸಂಜೆ ದೀಪ ಹಚ್ಚಲು ಹೋದಾಗ ನೋಡಿದೆ. ಅಕ್ಕ ಹೊಳೆಗೆ ಹೋಗಿದ್ದಳು. ಅತ್ತೆ ಕೆಂಚಿಯ ಮುಂದೆ ಕುಳಿತು, ಅವಳ ನೆತ್ತಿಗೆ ಮೂಗಿಟ್ಟು, ಕಣ್ಣು ಮುಚ್ಚಿಕೊಂಡಿದ್ದರು. ನನ್ನ ಬಳೆಯ ಸದ್ದಿಗೆ ಎದ್ದು, "ಬತ್ತಿ ಉದ್ದ ಮಾಡಬ್ಯಾಡ, ಎಣ್ಣೆ ಕುಡೀತದೆ" ಅಂದು ಹೊರಟುಹೋದರು.

ಆಷಾಢದ ಸೋನೆ ಹಿಡಿಯಿತು. ಹಾಸನದ ಸೀಮೆಯ ಸೋನೆ ಒಮ್ಮೆ ಹಿಡಿದರೆ ಬಿಸಿಲಿನ ಮುಖ ಮರೆತುಹೋಗುತ್ತದೆ. ಥಂಡಿಗೆ ಬೆಲ್ಲ ನೀರೊಡೆಯುತ್ತಿತ್ತು. ನಾನೂ ಅಕ್ಕನೂ ಅಚ್ಚುಗಳ ನಡುವೆ ಒಣಹುಲ್ಲು ಬದಲಿಸುತ್ತ, ಕೋಣೆಯಲ್ಲಿ ಕೆಂಡದ ಕುಂಪಟೆ ಇಡುತ್ತ ಆ ತಿಂಗಳು ಕಳೆದೆವು. ಆಗಲೇ ಅಕ್ಕ ಮತ್ತೆ ಬಸುರಿ ಎಂದು ಗೊತ್ತಾದದ್ದು.

ಮನೆಯ ಗಾಳಿಯೇ ಬೇರೆಯಾಯಿತು. ಈ ಸಲ ಅಕ್ಕ ತವರಿಗೆ ಹೋಗಿರಲಿಲ್ಲ, ಮನೆ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಹುಟ್ಟುವ ಮಗುವಿನ ತಲೆಗೂದಲು ಯಾವ ಬಣ್ಣ ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಎಲ್ಲರೂ ಅದನ್ನೇ ಕಾಯುತ್ತಿದ್ದರು.

ಭಾದ್ರಪದದಲ್ಲಿ ನನ್ನ ಯಜಮಾನರು, "ಹಾಸನದ ಆಸ್ಪತ್ರೇಲಿ ಒಂದ್ಸಲ ಮಗೂನ ತೋರ್ಸೋಣ" ಅಂದರು. ಅರಸೀಕೆರೆ ಕಡೆ ಹೋಗುವ ರೈಲು ಹತ್ತಿ ನಾವು ಮೂವರು ಕೆಂಚಿಯನ್ನು ಕರೆದುಕೊಂಡು ಹೋದೆವು. ರೈಲಿನಲ್ಲಿ ಪಕ್ಕದ ಹೆಂಗಸು ಮೂಗು ಮುಚ್ಚಿಕೊಂಡು ಆಚೆ ಬೆಂಚಿಗೆ ಹೋದಳು. ಆಸ್ಪತ್ರೆಯಲ್ಲಿ ವಯಸ್ಸಾದ ಡಾಕ್ಟರು ಮಗುವಿನ ಕಣ್ಣು, ನಾಲಿಗೆ, ಬೆನ್ನು ಎಲ್ಲ ಸಾವಕಾಶವಾಗಿ ನೋಡಿದರು. ಚರ್ಮಕ್ಕೆ ಮುಲಾಮು ಕೊಟ್ಟರು.

"ಬುದ್ಧಿ ಬೆಳೆದಿಲ್ಲಮ್ಮ" ಎಂದರು. "ಯಾಕೆ ಅಂತ ನನಗೆ ತಿಳಿಯದು. ತಿಳಿದ ಹಾಗೆ ಮಾತಾಡಿ ನಿಮ್ಮ ದುಡ್ಡು ತಿನ್ನಲಾರೆ. ಚೆನ್ನಾಗಿ ನೋಡಿಕೊಳ್ಳಿ."

"ಕೂದ್ಲು ಯಾಕೆ ಇಂಗೆ ಸಾ?" ಅಕ್ಕ ಕೇಳಿದಳು. ಅವಳಿಗೆ ಬೇಕಾಗಿದ್ದ ಉತ್ತರ ಅದೊಂದೇ.

"ಅದೂ ತಿಳಿಯದಮ್ಮ."

ಹಿಂದಿರುಗುವ ರೈಲಿಗೆ ಇನ್ನೂ ಹೊತ್ತಿತ್ತು. ಯಜಮಾನರು ಟಿಕೀಟಿಗೆ ಹೋದಾಗ ಸ್ಟೇಷನ್ನಿನ ಹೊರಗೆ ಮರದ ಕೆಳಗೆ ಕುಳಿತೆವು. ಅಕ್ಕ ಕೆಂಚಿಗೆ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ತಿನ್ನಿಸುತ್ತಿದ್ದಳು. ಅದೇ ಹಾಲು ಅವಳಿಗೆ ಆಗದ ವಸ್ತು ಎಂದು ನಮಗೇನು ಗೊತ್ತು.

"ಗೌರಿ, ನಾನು ಎರಡು ಅರಕೆ ಕಟ್ಕಂಡಿವ್ನಿ" ಎಂದಳು. "ಬೆಳಿಗ್ಗೆ ಎದ್ದು, ಈ ಮಗೀಗೂ ಕೆಂಚು ಕೂದ್ಲು ಕೊಡಪ್ಪ ಅಂತ ಶಿವನ್ನ ಕೇಳ್ತೀನಿ. ಕೆಂಚೀನೂ ಈ ಮನೇದೇ ರಕ್ತ ಅಂತ ಗೊತ್ತಾಗ್ಲಿ ಅಂತ. ಸಂಜೆ ಕೆಂಚಿ ಮುಖ ನೋಡ್ತೀನಿ. ಇಂಥ ಪಾಡು ಇನ್ನೊಂದು ಕೂಸಿಗೆ ಬ್ಯಾಡ, ಕಪ್ಪಗೇ ಉಟ್ಲಿ, ನನ್ ಮಾನ ಓದ್ರೂ ಓಗ್ಲಿ ಅಂತ ಬೇಡ್ಕತೀನಿ. ಅವ್ನು ಯಾವುದನ್ ಕೇಳಿಸ್ಕತಾನೋ."

ನಾನು ಬಾಟಲಿಯಲ್ಲಿದ್ದ ಉಳಿದ ಹಾಲನ್ನು ಬಟ್ಟಲಿಗೆ ಬಗ್ಗಿಸಿದೆ.

ದೀಪಾವಳಿ ಕಳೆದ ಮೇಲೆ ಅಕ್ಕನನ್ನು ಹೆರಿಗೆಗೆ ಮಲ್ಲಿಪಟ್ಟಣಕ್ಕೆ ಕಳಿಸಿದರು. ಕೆಂಚಿಯೂ ಜೊತೆಗೆ ಹೋದಳು. ಹಿಂದಿನ ಕೋಣೆ ತೊಳೆದು ಸಾರಿಸಿದೆ. ವಾಸನೆ ಹೋಯಿತು. ಹೋದದ್ದಕ್ಕೆ ಮನೆ ಬಿಕೋ ಎನ್ನುತ್ತಿತ್ತು. ಅಷ್ಟರಲ್ಲಿ ಕಬ್ಬು ಕಟಾವಾಗಿ ಆಲೆಮನೆಗಳು ಶುರುವಾದವು. ಹೊಸ ಬೆಲ್ಲ ಗಾಡಿಗಟ್ಟಲೆ ಬಂದು ಬೀಳುತ್ತಿತ್ತು. ಚಳಿ, ಅವರೆಕಾಯಿಯ ಸೊಗಡು. ಸಂಕ್ರಾಂತಿ ಮುಗಿದ ವಾರದಲ್ಲಿ ಮಲ್ಲಿಪಟ್ಟಣದ ಆಳು ಬಂದು ಅಂಗಡಿಯ ಮುಂದೆ ನಿಂತ.

"ಗಂಡ್ ಮಗ ಸಾ. ತಲೆ ತುಂಬ ಕೂದ್ಲು, ಕಾಡಿಗೆ ಕಪ್ಪು."

ಸಂಜೆಗೆ ಹೊನ್ನಮ್ಮತ್ತೆ ಬಂದು ಜಗಲಿಯಲ್ಲಿ ಕುಳಿತರು. "ಇನ್ನೇನ್ ಬೇಕು ಅತ್ತಿಗೆ? ಇದು ಮಾದಂದು. ಅಂಗಾರೆ ಅದು ಯಾರ್ದು? ದೇವ್ರೇ ತೋರಿಸ್ಬುಟ್ಟ. ಅವ್ಳು ಅಲ್ಲೇ ಇರ್ಲಿ. ಆಲು ಬುಟ್ ಮ್ಯಾಲೆ ಗಂಡ್ ಕೂಸ್ನ ತಂದ್ಕಳನ. ಮಾದನಿಗೆ ಇನ್ನೊಂದ್ ಮದ್ವೆ ಮಾಡು."

ಭಾವ ತಕ್ಕಡಿಯ ಮುಂದೆ ಕುಳಿತಿದ್ದವರು ತಲೆ ಎತ್ತಲಿಲ್ಲ. ಅತ್ತೆ ಎದ್ದು ಒಳಗೆ ಹೋದರು. ಆಮೇಲೆ ಕೆಲವು ದಿನ ಅವರು ಸರಿಯಾಗಿ ಉಣ್ಣಲಿಲ್ಲ. ವಿಭೂತಿ ಹಚ್ಚಿಕೊಂಡು ಪೂಜೆಗೆ ಕುಳಿತರೆ ಏಳುತ್ತಲೇ ಇರಲಿಲ್ಲ. ನಾಮಕರಣಕ್ಕೆ ಕರೆ ಬಂತು. ಹೋಗುವವರು ಯಾರು ಎಂದು ಯಾರೂ ಕೇಳಲಿಲ್ಲ. ಕೊನೆಗೊಂದು ಬೆಳಿಗ್ಗೆ ಅತ್ತೆ ಸೀರೆ ಉಟ್ಟು ಹೊರಗೆ ಬಂದು, "ಮಾದ, ಗಾಡಿ ಕಟ್ಟು. ನೀನೂ ಬಾ. ಗೌರಿ, ನೀನೂ ನಡಿ" ಎಂದರು. ಹೊನ್ನಮ್ಮತ್ತೆ ಕರೆಯದಿದ್ದರೂ ಹತ್ತಿ ಕುಳಿತರು. ಗಂಡು ಮಗುವನ್ನು ಮಾತ್ರ ನಮ್ಮದೆಂದು ಒಪ್ಪಿ ಅಕ್ಕನನ್ನು ಅಲ್ಲೇ ಬಿಟ್ಟುಬರಲು ಹೊರಟಿದ್ದಾರೆ ಎಂದೇ ಅವರು ತಿಳಿದಿದ್ದರು. ನಿಜ ಹೇಳಬೇಕೆಂದರೆ ನಾನೂ ಹಾಗೇ ತಿಳಿದು ಹೆದರಿದ್ದೆ.

ಆ ರಾತ್ರಿ ಅರಕಲಗೂಡಿನಲ್ಲಿ ನೆಂಟರ ಮನೆಯಲ್ಲಿ ತಂಗಿದೆವು. ಮಾರನೆಯ ದಿನ ಬಿಸಿಲೇರುವ ಹೊತ್ತಿಗೆ ಮಲ್ಲಿಪಟ್ಟಣ. ರಾಗಿ ಒಕ್ಕಣೆಯ ಕಣಗಳಲ್ಲಿ ಜನ ಕೆಲಸ ನಿಲ್ಲಿಸಿ ನಮ್ಮ ಗಾಡಿ ನೋಡಿದರು. ಬಾಗಿಲಲ್ಲಿ ಗಂಗಮ್ಮ ನಿಂತಿದ್ದರು. ತಾಯಿಯನ್ನು ನೋಡಿ ಮುಂದೆ ಬರಲಿಲ್ಲ. ಕಾಲಿಗೆ ನೀರನ್ನೂ ಕೊಡಲಿಲ್ಲ.

"ಅವ್ವ, ಒಳೀಕ್ ಬರಕ್ ಮೊದ್ಲು ಒಂದ್ ಮಾತು ಯೋಳು. ನಮ್ಮವ್ವಾಗಿ ಬಂದ್ಯೋ, ಬೀಗಿತ್ತಿ ಆಗಿ ಬಂದ್ಯೋ?"

ಅತ್ತೆ ಗಾಡಿಯ ಗೂಟ ಹಿಡಿದು ನಿಂತರು. "ಇರೋಳು ಒಬ್ಳೇ ಕಣೇ ಗಂಗಿ. ಎಲ್ಡೂ ಆಗೇ ಬಂದಿವ್ನಿ. ದಾರಿ ಬುಡು."

ಗಂಗಮ್ಮ ಸರಿದರು. ನಡುಮನೆಯಲ್ಲಿ ತೊಟ್ಟಿಲು ಕಟ್ಟಿದ್ದರು. ಊರಿನ ಹೆಂಗಸರು ಸುತ್ತ ಕುಳಿತಿದ್ದರು. ಬಾಣಂತಿ ಅಕ್ಕ ಗೋಡೆಗೆ ಒರಗಿದ್ದಳು, ನಮ್ಮನ್ನು ನೋಡಿದರೂ ಏಳಲಿಲ್ಲ. ಕೆಂಚಿ ಅವಳ ಪಕ್ಕದ ಚಾಪೆಯಲ್ಲಿ. ಭಾವ ಒಳಗೆ ಬರದೆ ಗಂಡಸರ ಜೊತೆ ಜಗಲಿಯಲ್ಲೇ ನಿಂತರು.

ಹೊನ್ನಮ್ಮತ್ತೆ ತೊಟ್ಟಿಲಿಗೆ ಬಗ್ಗಿ ಮಗುವಿನ ಕುಲಾವಿ ಸರಿಸಿ ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ನೋಡ್ರವ್ವ, ಇದು ನಮ್ ಮನೆ ಕೂಸು."

ಅಕ್ಕನ ಕೈ ಕೆಂಚಿಯ ಬೆನ್ನ ಮೇಲೆ ಹೋಯಿತು.

"ಎರಡೂ ನಮ್ ಮನೇವೇ" ಎಂದರು ಅತ್ತೆ. ಮೆಲ್ಲಗೆ ಬಂದು ಕೆಂಚಿಯ ಚಾಪೆಯ ಮೇಲೆ ಕುಳಿತುಕೊಂಡರು. "ಒನ್ನಿ, ಗಂಗಿ ಆದ್ಮ್ಯಾಲೆ, ಮಾದ ಉಟ್ಟಕ್ ಮುಂಚೆ ನಂಗೊಂದು ಗಂಡ್ ಮಗ ಉಟ್ಟಿತ್ತು, ಗ್ಯಾಪ್ಕ ಅದಾ?"

"ಉಟ್ಟಿತ್ತು, ಓಯ್ತು. ಈಗ್ಯಾಕೆ ಆ ಮಾತು?" ಎಂದರು ಹೊನ್ನಮ್ಮತ್ತೆ.

"ಇದೇ ಕೂದ್ಲು. ಇದೇ ಮೈ. ಇದೇ ವಾಸ್ನೆ. ನಿಮ್ಮಣ್ಣನಿಗೂ ನಂಗೂ ಬುಟ್ರೆ ಯಾರಿಗೂ ತೋರಿಸ್ಲಿಲ್ಲ ನಾನು. ತಲೆಗೆ ಎಣ್ಣೆ ಮಸಿ ಸವರಿ ಕುಲಾವಿ ಆಕ್ತಿದ್ದೆ. ಎಲ್ಡು ವರ್ಸ ಬದುಕ್ದ. ಒಂದ್ ದಿನಾನೂ ಅವ್ವ ಅನ್ನಲಿಲ್ಲ. ಕೆಂಚಿ ಉಟ್ಟಿ ಮೂರ್ ತಿಂಗ್ಳಿಗೆ, ಎತ್ಕಂಡ್ ಮೂಸುದ್ ಕೂಡ್ಲೆ ನಂಗ್ ಗೊತ್ತಾಯ್ತು."

"ಯಾರ್ ನೋಡವ್ರೆ ಅದನ್ನ?" ಹೊನ್ನಮ್ಮತ್ತೆಯ ದನಿ ಇಳಿದಿತ್ತು.

ಬಾಗಿಲ ಬಳಿಯಿಂದ ಗಂಗಮ್ಮ ಅಂದರು, "ನಾನ್ ನೋಡಿವ್ನಿ." ಅವರು ತಾಯಿಯ ಹತ್ತಿರಕ್ಕೆ ಬಂದರು. "ಆಗ ಚಿಕ್ಕೋಳು ನಾನು, ಕಂಕ್ಳಲ್ಲಿ ಎತ್ಕಂಡ್ ತಿರುಗ್ತಿದ್ದೆ. ಕುಲಾವಿ ಬಿಚ್ಚುದ್ರೆ ಅವ್ವ ಒಡೀತಿದ್ಲು. ನನ್ ಕೈಯೆಲ್ಲ ಮಸಿ ಆಗೋದು. ಯಾಕೆ ಅಂತ ಇವತ್ತು ಗೊತ್ತಾಯ್ತು."

ಅಕ್ಕ ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು. "ಮೂರ್ ವರ್ಸ ಸುಮ್ಕಿದ್ಯಲ್ಲಜ್ಜಿ" ಎಂದಳು, ಮೆಲ್ಲಗೆ.

"ಎದ್ರಿಕೆ ಕಣವ್ವ. ಯೋಳುದ್ರೆ ನನ್ನೂ ಅಂಗೇ ಅಂತಾರೆ, ಮಣ್ಣಾಗಿರೋ ಕೂಸ್ನ ಎತ್ತಿ ಆಡಿಕತಾರೆ ಅಂತ. ಇನ್ನೊಂದೂ ಕೆಂಚಾಗೇ ಉಟ್ಬುಟ್ರೆ ನಾನು ಬಾಯಿ ಬುಡೋದೇ ಬ್ಯಾಡ ಅಂತ ಕಾಯ್ತಿದ್ದೆ. ಕಪ್ಪಗ್ ಉಟ್ತು. ಇನ್ ಯೋಳ್ದಿದ್ರೆ ನೀನು ಉಳಿಯಾಕಿಲ್ಲ." ಅತ್ತೆ ಸೆರಗಿನಿಂದ ಕೆಂಚಿಯ ಬಾಯಿ ಒರೆಸಿದರು. "ನನ್ನ ಏನ್ ಬೇಕಾರೂ ಅನ್ನಿ. ಇವ್ಳನ್ನ ಅನ್ನಬ್ಯಾಡಿ."

ಹೊನ್ನಮ್ಮತ್ತೆ ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದರು.

ಭಾವ ಹೊಸಿಲಿಗೆ ಬಂದಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. "ಪಾರ್ವತಿ" ಎಂದರು. "ನಂಗ್ ಗೊತ್ತಿರ್ನಿಲ್ಲ. ಅವ್ವ ಯೋಳ್ದಾಗ್ಲೇ..."

"ಉಂ ಮಾವ" ಅಂದಳು ಅಕ್ಕ. ಅವಳು ಅಳುತ್ತಿರಲಿಲ್ಲ. "ನಿಮ್ಮವ್ವ ಒಂದ್ಸಲ ಯೋಳುದ್ಲು, ನಂಬುದ್ರಿ. ನಾನು ಮೂರ್ ವರ್ಸದಿಂದ ಯೋಳ್ತಿದ್ದೆ."

ಭಾವ ಅಷ್ಟು ಹೆಂಗಸರ ನಡುವೆ ಬಂದು, ಕೆಂಚಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಎರಡು ಕೈ ಚಾಚಿ ಅವಳನ್ನು ಎತ್ತಿದರು. ಬೆಲ್ಲದ ಅಚ್ಚು ಎತ್ತುವ ಹಾಗೆ ಎತ್ತಿದ್ದರಿಂದ ಮಗು ಸೆಟೆದುಕೊಂಡು ಕಿರುಚಿತು.

"ಅಂಗಲ್ಲ" ಎಂದಳು ಅಕ್ಕ. ಕುಳಿತಲ್ಲಿಂದಲೇ ಕೈ ನೀಡಿ ಸರಿ ಮಾಡಿದಳು. "ಎದೆಗೆ ಒರಗಿಸ್ಕಳಿ. ಬಿಗಿಯಾಗಿ ಇಡೀಬ್ಯಾಡಿ."

ಅಕ್ಕ ಆ ದಿನ ನಮ್ಮ ಜೊತೆ ಬರಲಿಲ್ಲ. ಅತ್ತೆ ಕರೆದರು, ಭಾವ ಕರೆದರು. "ಬಾಣಂತನ ಮುಗೀಲಿ, ಮನ್ಸೂ ಒಂದು ತಾವಿಗೆ ಬರ್ಲಿ" ಅಂದಳು. ಯುಗಾದಿಯ ನಂತರ ಭಾವ ಒಬ್ಬರೇ ಹೋಗಿ ಕರೆತಂದರು. ಹೊನ್ನಮ್ಮತ್ತೆ ಮಗಳನ್ನು ಹಾಸನದ ಕಡೆ ಒಳ್ಳೆಯ ಮನೆಗೆ ಕೊಟ್ಟರು. ಮದುವೆಗೆ ಅಕ್ಕನೇ ಮುಂದೆ ನಿಂತು ಅಡುಗೆ ಮಾಡಿಸಿದಳು. ಗಂಡನ ಜೊತೆ ಅವಳು ಮೊದಲಿನ ಹಾಗೆ ನಗಲು ಬಹಳ ಕಾಲ ಹಿಡಿಯಿತು. ನನ್ನ ಎದುರಿಗೇ ನಡೆದ ಆ ನಿಧಾನವನ್ನು ಬರೆಯಲು ನನಗೆ ಬಾರದು.

ಹಿಂದಿನ ಕೋಣೆಯನ್ನು ಬೆಲ್ಲಕ್ಕೆ ಬಿಟ್ಟೆವು. ಕೆಂಚಿ ಮಾತು ಕಲಿಯಲಿಲ್ಲ, ಗೋಡೆ ಹಿಡಿದು ಒಂದಿಷ್ಟು ನಡೆಯುವುದನ್ನು ಮಾತ್ರ ಕಲಿತಳು. ಅವಳಿಗೆ ಹತ್ತು ಹನ್ನೊಂದು ವರ್ಷವಾಗಿ, ಒಂದು ಚಳಿಗಾಲದ ಜ್ವರದಲ್ಲಿ ಹೋಗುವವರೆಗೂ ಅಂಗಡಿಯಲ್ಲಿ ಭಾವನ ಪಕ್ಕವೇ ಅವಳ ಜಾಗ. ಹೊಸ ಗಿರಾಕಿಗಳು ಅವಳ ಕೂದಲನ್ನು, ಭಾವನ ಮುಖವನ್ನು ಒಮ್ಮೊಮ್ಮೆ ನೋಡುವರು. ಕೇಳುವ ಮೊದಲೇ ಭಾವ ತಕ್ಕಡಿ ಕೆಳಗಿಟ್ಟು ಹೇಳುವರು:

"ನನ್ ಮಗಳು ಕಣ್ರಪ್ಪ. ನಮ್ಮಣ್ಣನ್ನೇ ನೋಡ್ದಂಗಾಯ್ತದೆ, ಅದೇ ಮುಖ."

ಭಾವ ಹುಟ್ಟುವ ಮೊದಲೇ ತೀರಿಹೋಗಿದ್ದ ಅಣ್ಣನನ್ನು ಅವರು ಕಂಡದ್ದೇ ಇಲ್ಲ.